ಸಾರಿ ವಿಷ್ಣುವರ್ಧನ (ನಟ ಅಲ್ಲ, ರಾಜ)

1/8
ಫೋಟೋ: ಅಜ್ಜಿ ಟ್ರಂಕಿನಿಂದ ಎತ್ತಿಕೊಂಡ ಪುಸ್ತಕ. ರಟ್ಟು ಕಿತ್ತಿದೆ, ನಶ್ಯದ ವಾಸನೆ ಇದೆ.

ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ಸಾಹಸಸಿಂಹನ ಬಗ್ಗೆ ಅಲ್ಲ. ಕಾಮೆಂಟಲ್ಲಿ ಯಾರೂ ಬಡಿಗೆ ಹಿಡಿದು ಬರಬೇಡಿ, ನಮ್ಮನೆಯಲ್ಲೂ ಅವರ ಫೋಟೋ ಇದೆ. ನಾನು ಹೇಳ್ತಿರೋದು ಹೊಯ್ಸಳ ರಾಜ ವಿಷ್ಣುವರ್ಧನನ ಬಗ್ಗೆ. ಅದೂ ಚರಿತ್ರೆಯ ವಿಷ್ಣುವರ್ಧನ ಅಲ್ಲ, ಕೆ.ವಿ. ಅಯ್ಯರ್ ಅವರ 'ಶಾಂತಲಾ' ಕಾದಂಬರಿಯ ವಿಷ್ಣುವರ್ಧನ.

ಹೋದ ವಾರ ಸ್ಟೋರಿಯಲ್ಲಿ 'ನನ್ನ ಫೇವರಿಟ್ ಕಾದಂಬರಿ ಎರಡನೇ ಸಲ ಓದಿದೆ, ಹೀರೋ ನೋಡಿ ಸಿಟ್ಟು ಬಂತು' ಅಂತ ಹಾಕಿದ್ದೆ. ಹನ್ನೊಂದು ಜನ 'ಯಾಕೆ?' ಅಂತ ಕೇಳಿದ್ರಿ. ಒಬ್ಬರಿಗೊಬ್ಬರಿಗೆ ಟೈಪ್ ಮಾಡೋದಕ್ಕಿಂತ ಇಲ್ಲೇ ಬರೀತೀನಿ. ಉದ್ದ ಆಗುತ್ತೆ. ಎಂಟು ಪೋಸ್ಟ್. ಇಂಟರ್ನಲ್ಸ್ ಇರೋರು ಸೇವ್ ಮಾಡ್ಕೊಂಡು ಆಮೇಲೆ ಓದಿ.

ಬರೆದವರ ಬಗ್ಗೆ ಒಂದು ಮಾತು, ಯಾಕಂದ್ರೆ ಇದು ನಿಮಗೆ ಮಜಾ ಅನ್ಸುತ್ತೆ. ಕೆ.ವಿ. ಅಯ್ಯರ್ ಅಂದ್ರೆ ಕೋಲಾರ ವೆಂಕಟೇಶ ಅಯ್ಯರ್. ಬೆಂಗಳೂರಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ದ ದೊಡ್ಡ ಬಾಡಿಬಿಲ್ಡರ್. ಟಿ.ಪಿ. ಕೈಲಾಸಂ ಅವರ ಆಪ್ತ. 'ರೂಪದರ್ಶಿ' ಬರೆದವರೂ ಇವರೇ. ಜಿಮ್ ಸರ್ ಒಬ್ಬರು ಕೂತು ಹೊಯ್ಸಳರ ಕಾಲದ ಪ್ರೇಮಕಥೆ ಬರೆದಿದ್ದಾರೆ ಅಂತ ಗೊತ್ತಾದಾಗ ನಮ್ಮ ಕ್ಲಾಸಿನ ಹುಡುಗರು ಮೂರು ದಿನ ನಂಬಲಿಲ್ಲ.

ನಾನು ಇದನ್ನ ಮೊದಲು ಓದಿದ್ದು ಸೆಕೆಂಡ್ ಪಿಯುಸಿಯಲ್ಲಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗ್ತಾ ಬರ್ತಾ, ಕಂಬಕ್ಕೆ ಒರಗಿಕೊಂಡು. ಕೊನೆಯ ಪುಟ ಓದಿದ ದಿನ ಕಣ್ಣೀರು ಒರೆಸಿಕೊಳ್ತಾ ನನ್ನ ಸ್ಟಾಪ್ ಬಿಟ್ಟು ಮುಂದಿನ ಸ್ಟಾಪಲ್ಲಿ ಇಳಿದು ನಡೆದು ಬಂದಿದ್ದೆ. ಅಷ್ಟು ಇಷ್ಟ ಆಗಿತ್ತು. ಈಗ ಡಿಗ್ರಿ ಕೊನೇ ವರ್ಷ. ಅದೇ ಪುಸ್ತಕ, ಅದೇ ರೂಟು. ಈ ಸಲ ಅಳು ಬರಲಿಲ್ಲ.

2/8
ಫೋಟೋ: ಬಸ್ಸಿನ ಕಿಟಕಿ, ಮಳೆ, ಮಡಿಲಲ್ಲಿ ಪುಸ್ತಕ.

ಕಥೆ ಗೊತ್ತಿಲ್ಲದವರಿಗೆ ನಾಲ್ಕೇ ಸಾಲು. ಶಾಂತಲೆ, ಲಕ್ಷ್ಮಿ ಇಬ್ಬರೂ ಜೀವದ ಗೆಳತಿಯರು. ಇಬ್ಬರೂ ಒಬ್ಬನೇ ರಾಜನ ರಾಣಿಯರಾಗ್ತಾರೆ. ಗೆಳತಿಗೋಸ್ಕರ ಶಾಂತಲೆ ತನ್ನದು ಅನ್ನೋದನ್ನೆಲ್ಲ ಬಿಟ್ಟುಕೊಡ್ತಾ ಹೋಗ್ತಾಳೆ. ಕೊನೆಗೆ ಶಿವಗಂಗೆ ಬೆಟ್ಟ. ಸ್ಪಾಯ್ಲರ್ ಅನ್ನಬೇಡಿ, 1131ರಲ್ಲಿ ನಡೆದದ್ದಕ್ಕೆ ಸ್ಪಾಯ್ಲರ್ ಇರಲ್ಲ.

ಈಗ ನನ್ನ ತಕರಾರು. ಈ ರಾಜ ಕೆಟ್ಟವನಲ್ಲ. ಹೊಡೆಯಲ್ಲ, ಬೈಯಲ್ಲ, ಮೋಸ ಮಾಡಲ್ಲ. ನೋಡೋಕೆ ಚೆನ್ನಾಗಿದ್ದಾನೆ, ಯುದ್ಧ ಗೆಲ್ತಾನೆ, ಮಾತು ಸಿಹಿ. ಆದ್ರೆ ಪುಸ್ತಕ ಮುಚ್ಚಿ ಕೂತು ಲೆಕ್ಕ ಹಾಕಿದೆ. ಈ ಪ್ರೀತಿಯಲ್ಲಿ ಶಾಂತಲೆ ಏನೇನು ಬಿಟ್ಟಳು ಅಂತ ಒಂದು ಪಟ್ಟಿ, ಅವನು ಏನು ಬಿಟ್ಟ ಅಂತ ಇನ್ನೊಂದು. ಮೊದಲನೇ ಪಟ್ಟಿ ನೋಟ್‌ಬುಕ್ಕಿನ ಹಾಳೆ ತುಂಬಿತು. ಎರಡನೇದಕ್ಕೆ ಪೆನ್ನಿನ ಕ್ಯಾಪು ಕಚ್ಚಿಕೊಂಡು ಕೂತೆ. ಏನೂ ಹೊಳೀಲಿಲ್ಲ. ದುಃಖಪಡ್ತಾನೆ, ಹೌದು. ಆದ್ರೆ ದುಃಖಪಡೋದು ಬೇರೆ, ಬಿಟ್ಟುಕೊಡೋದು ಬೇರೆ ಅಲ್ವಾ?

ನನಗೆ ಇಷ್ಟ ಆಗದ ಹೀರೋ ಇರಬಾರದು ಅಂತ ನಾನು ಹೇಳ್ತಿಲ್ಲ. ಜೇನ್ ಆಸ್ಟಿನ್ 1813ರಲ್ಲೇ 'ಪ್ರೈಡ್ ಆಂಡ್ ಪ್ರೆಜುಡಿಸ್'ನಲ್ಲಿ ಡಾರ್ಸಿ ಅಂತ ಒಬ್ಬ ಸೊಕ್ಕಿನವನನ್ನ ತಂದು ನಿಲ್ಲಿಸಿದ್ಲು. ಮೊದಲ ಸಲ ನೋಡಿದಾಗ ಯಾರಿಗೂ ಅವನು ಇಷ್ಟ ಆಗಲ್ಲ. ಆದ್ರೆ ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ 'ನೀನು ಬೇಡ' ಅಂದಮೇಲೆ ಅವನು ತನ್ನ ತಪ್ಪು ತಾನೇ ನೋಡಿಕೊಳ್ತಾನೆ, ಬದಲಾಗ್ತಾನೆ. ಅವನು ಕೆಟ್ಟವನು ಅಂತ ಲೇಖಕಿಗೂ ಗೊತ್ತಿತ್ತು, ಓದೋ ನಮಗೂ ಗೊತ್ತಿತ್ತು.

ಇಲ್ಲಿ ಹಾಗಲ್ಲ. ಇಲ್ಲಿ ನಾವು ರಾಜನನ್ನ ಪ್ರೀತಿಸಲೇಬೇಕು ಅಂತ ಪುಸ್ತಕ ಕೇಳುತ್ತೆ. ಯಾಕೆ ಅಂತ ಕೇಳಿದ್ರೆ ಉತ್ತರ ಒಂದೇ: ಅವಳು ಅವನಿಗೋಸ್ಕರ ಅಷ್ಟು ಬಿಟ್ಟಿದ್ದಾಳಲ್ಲ, ಅವನು ದೊಡ್ಡವನೇ ಇರಬೇಕು. ಅಂದ್ರೆ ಅವಳ ತ್ಯಾಗದ ಬೆಲೆ ಅವನ ಕಿರೀಟಕ್ಕೆ ಜಮಾ. ಇದು ನನಗೆ ಚುಚ್ಚಿತು. ಯಾಕೆ ಚುಚ್ಚಿತು ಅನ್ನೋದು ಮುಂದಿನ ಪೋಸ್ಟು. ಅದನ್ನ ಬರೆಯೋಕೆ ನಾಲ್ಕು ದಿನ ತಗೊಂಡೆ.

3/8
ಫೋಟೋ: ಇಲ್ಲ. ಈ ಪೋಸ್ಟಿಗೆ ಬರೀ ಕಪ್ಪು ಬಣ್ಣ. ಮುಖ ತೋರಿಸೋ ಹಾಗಿಲ್ಲ.

ಪಿಯುಸಿಯಲ್ಲಿ ನನಗೊಬ್ಬಳು ಗೆಳತಿ ಇದ್ದಳು. ಹೆಸರು ಹೇಳಲ್ಲ. ಅವಳು ಶಿವಮೊಗ್ಗ, ನಾನು ಭದ್ರಾವತಿ. ಅವಳ ಮನೆ ಹತ್ರ ತುಂಗೆ, ನಮ್ಮ ಊರಲ್ಲಿ ಭದ್ರೆ. ಹಂಗಾಗಿ ಕ್ಲಾಸಲ್ಲಿ ಎಲ್ಲರೂ ನಮ್ಮನ್ನ 'ತುಂಗಾ-ಭದ್ರಾ' ಅಂತಲೇ ಕರೀತಿದ್ರು. ಅಟೆಂಡೆನ್ಸಲ್ಲಿ ಒಬ್ಬಳು ಇಲ್ಲ ಅಂದ್ರೆ ಲೆಕ್ಚರರ್ರೇ 'ಇನ್ನೊಂದು ನದಿ ಎಲ್ಲಿ ಬತ್ತಿತು?' ಅಂತ ಕೇಳ್ತಿದ್ರು.

ಇಬ್ಬರಿಗೂ ಒಬ್ಬನೇ ಇಷ್ಟ ಆದ. ಗೊತ್ತು, ಗೊತ್ತು, ಸೀರಿಯಲ್ ಥರ ಇದೆ. ಆದ್ರೆ ಹದಿನೇಳು ವರ್ಷಕ್ಕೆ ಜೀವನ ಸೀರಿಯಲ್ ಥರಾನೇ ಇರುತ್ತೆ ಮಾರಾಯ್ರೇ.

ಅವನು ನನ್ನ ಜೊತೆ ಮೊದಲು ಮಾತಾಡಿದ್ದು. ದಿನಾ ರಾತ್ರಿ ಮೆಸೇಜ್. ಆಮೇಲೆ ಗೊತ್ತಾಯ್ತು, ಅವಳಿಗೂ ಮಾಡ್ತಾನೆ ಅಂತ. ಅವಳು ನನ್ನ ಹತ್ರ ಬಂದು, ಕೆನ್ನೆ ಕೆಂಪು ಮಾಡ್ಕೊಂಡು, 'ನನಗೆ ಅವನು ಇಷ್ಟ ಕಣೇ' ಅಂದ್ಲು. ನನಗೂ ಇಷ್ಟ ಅಂತ ನಾನು ಹೇಳಲಿಲ್ಲ. ಅದೇ ವಾರ ನಾನು ಈ ಕಾದಂಬರಿ ಮುಗಿಸಿದ್ದು.

ಅರ್ಥ ಆಯ್ತಾ? ನನ್ನ ತಲೆಯಲ್ಲಿ ನಾನು ಶಾಂತಲೆ, ಅವಳು ಲಕ್ಷ್ಮಿ. ಬಸ್ಸಲ್ಲಿ ಕೂತು ಅತ್ತಿದ್ದು ಅರ್ಧ ಶಾಂತಲೆಗೆ, ಅರ್ಧ ನನಗೇ. ಮಾರನೇ ದಿನ ಅವನಿಗೆ 'ಇನ್ನು ಮೆಸೇಜ್ ಮಾಡಬೇಡ' ಅಂತ ಒಂದು ಸಾಲು ಕಳಿಸಿದೆ. ಕಾರಣ ಹೇಳಲಿಲ್ಲ. ಅವಳಿಗೆ 'ಅವನು ಒಳ್ಳೆಯವನು, ಮಾತಾಡು' ಅಂದೆ. ಅವಳಿಗೂ ಕಾರಣ ಹೇಳಲಿಲ್ಲ. ಎಷ್ಟು ದೊಡ್ಡ ಕೆಲಸ ಮಾಡಿದೆ ಅಂತ ನನಗೆ ನಾನೇ ಅನ್ಕೊಂಡೆ ಗೊತ್ತಾ! ಡೈರಿಯಲ್ಲಿ ಬರೆದಿದ್ದೆ ಕೂಡ. ಆ ಪುಟ ಇವತ್ತು ಓದಿದ್ರೆ ಮೈಯೆಲ್ಲ ಮುಳ್ಳು.

4/8
ಫೋಟೋ: ಭದ್ರಾ ಸೇತುವೆ, ಸಂಜೆ.

ಆಮೇಲೆ ಏನಾಯ್ತು? ಅವನು 'ಯಾಕೆ?' ಅಂತ ಕೇಳಲೇ ಇಲ್ಲ. ಒಂದು 'ಓಕೆ' ಬಂತು. ಆ 'ಓಕೆ' ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಎರಡು ವಾರಕ್ಕೆ ಅವರಿಬ್ಬರೂ ಜೋಡಿ. ಅವನ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಒಂದು ಕಡೆ ಬಾಗಿಲು ಹಾಕಿದ್ರೆ ಇನ್ನೊಂದು ಕಡೆ ತೆರೆದಿದೆ, ಅವನಿಗೇನು?

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದಿದ್ದು ಅವಳ ಮೇಲೆ. ಅವಳು ನಕ್ಕರೆ ಸಿಟ್ಟು, ಅವನ ಹೆಸರು ಎತ್ತಿದ್ರೆ ಸಿಟ್ಟು, ಎತ್ತದೇ ಇದ್ರೆ ಇನ್ನೂ ಸಿಟ್ಟು. 'ನಾನು ಬಿಟ್ಟುಕೊಟ್ಟಿದ್ದಕ್ಕೆ ತಾನೇ ನೀನು ಖುಷಿಯಾಗಿರೋದು' ಅಂತ ಒಳಗೊಳಗೇ ಬಡ್ಡಿ ಲೆಕ್ಕ. ಅವಳಿಗೆ ಸಾಲ ಇದೆ ಅಂತಲೇ ಗೊತ್ತಿಲ್ಲ, ನಾನು ವಸೂಲಿಗೆ ನಿಂತಿದ್ದೆ. ಪರೀಕ್ಷೆ ಮುಗಿಯೋ ಹೊತ್ತಿಗೆ ಮಾತು ನಿಂತು ಹೋಯ್ತು. ಜಗಳ ಆಗಿ ಅಲ್ಲ. ಸುಮ್ನೆ. ತುಂಗೆ ತುಂಗೆ ಪಾಡಿಗೆ, ಭದ್ರೆ ಭದ್ರೆ ಪಾಡಿಗೆ.

ಅವರಿಬ್ಬರೂ ಡಿಗ್ರಿ ಮೊದಲ ವರ್ಷದಲ್ಲೇ ದೂರ ಆದ್ರಂತೆ. ಅದೂ ನನಗೆ ಬೇರೆಯವರಿಂದ ಗೊತ್ತಾಗಿದ್ದು. ಫೋನ್ ಮಾಡಬೇಕು ಅನ್ನಿಸಿತು. ಮಾಡಲಿಲ್ಲ.

ಈ ವರ್ಷ ಪುಸ್ತಕ ಮತ್ತೆ ಕೈಗೆ ಸಿಕ್ಕಿದ್ದು ಆಕಸ್ಮಿಕ. ಮನೆ ಸುಣ್ಣ ಹೊಡೆಸ್ತಿದ್ರು, ಟ್ರಂಕು ಹೊರಗೆ ಬಂತು. ಬಸ್ಸಲ್ಲಿ ತೆರೆದೆ. ಸುಮಾರು ಅರ್ಧ ಗಂಟೆ ಓದಿರಬೇಕು, ರಾಜ ಬಂದಾಗೆಲ್ಲ ನನಗೆ ಆ 'ಓಕೆ' ಕೇಳ್ತಿತ್ತು. ಅವನು ಎಷ್ಟು ಚಂದದ ಹಳೆಗಾಲದ ಮಾತಾಡಿದ್ರೂ ಕೆಳಗೆ ಆ 'ಓಕೆ'. ಪಾಪ, ಕೆ.ವಿ. ಅಯ್ಯರ್ ಅವರ ತಪ್ಪಲ್ಲ. ಪುಸ್ತಕ ಬದಲಾಗಿಲ್ಲ, ಓದೋಳು ಬದಲಾಗಿದ್ದಾಳೆ.

5/8
ಫೋಟೋ: ಶ್ರವಣಬೆಳಗೊಳದ ಚಿಕ್ಕಬೆಟ್ಟ, ಹೈಸ್ಕೂಲ್ ಟ್ರಿಪ್ಪಿನದು. ಹಿಂದೆ ಕಾಣೋ ಬಸದಿಗಳನ್ನ ನೋಡಿ, ನಮ್ಮ ಜಡೆ ನೋಡಬೇಡಿ.

'ಹನ್ನೆರಡನೇ ಶತಮಾನದ ರಾಜನನ್ನ ಈಗಿನ ಕಣ್ಣಲ್ಲಿ ನೋಡಬಾರದು' ಅಂತ ನಾಲ್ಕು ಜನ ಹೇಳಿದ್ರಿ. ನ್ಯಾಯವಾದ ಮಾತು. ಆಗ ರಾಜರಿಗೆ ಒಬ್ಬಳೇ ರಾಣಿ ಇರ್ತಿರಲಿಲ್ಲ. ಆದ್ರೆ ನಾನು ಬೈತಿರೋದು ಹನ್ನೆರಡನೇ ಶತಮಾನದ ರಾಜನನ್ನಲ್ಲ, ಇಪ್ಪತ್ತನೇ ಶತಮಾನದ ಕಾದಂಬರಿಯ ಹೀರೋನ. ಎರಡನ್ನೂ ಬೇರೆ ಬೇರೆ ಇಡೋಣ ಅಂತ ಸ್ವಲ್ಪ ಚರಿತ್ರೆ ಓದಿದೆ.

ನಿಜವಾದ ಶಾಂತಲೆ ಸುಮ್ನೆ ಮರೆಯಲ್ಲಿ ನಿಂತವಳಲ್ಲ. 1117ರಲ್ಲಿ ಬೇಲೂರಲ್ಲಿ ರಾಜ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದಾಗ ಅದೇ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ಇವಳು. ಸಂಗೀತ, ನೃತ್ಯದಲ್ಲಿ ಅವಳ ಪಾಂಡಿತ್ಯವನ್ನ ಶಾಸನಗಳು ಹೊಗಳ್ತವೆ. ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು.

1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಒಂದು ಬಸದಿ ಕಟ್ಟಿಸ್ತಾಳೆ. ಅದರ ಹೆಸರು ಗೊತ್ತಾ? ಸವತಿಗಂಧವಾರಣ ಬಸದಿ. ಗಂಧವಾರಣ ಅಂದ್ರೆ ಮದವೇರಿದ ಆನೆ. ಸವತಿಯರ ಪಾಲಿಗೆ ಮದ್ದಾನೆ! ಇದು ಶಾಂತಲೆಯ ಬಿರುದು. ಯಾರೋ ಬೈದಿದ್ದಲ್ಲ, ಅವಳೇ ಕಟ್ಟಿಸಿದ ಬಸದಿಗೆ ಬಂದ ಹೆಸರು.

ಇದನ್ನ ಓದಿ ಬಸ್ಸಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಆಂಟಿ ಬ್ಯಾಗ್ ಹತ್ರ ಎಳ್ಕೊಂಡ್ರು. ಅಂದ್ರೆ ಆ ಕಾಲದಲ್ಲೂ ಸವತಿ ಅನ್ನೋದು ನಗುನಗ್ತಾ ಹಂಚಿಕೊಳ್ಳೋ ಪ್ರಸಾದ ಆಗಿರಲಿಲ್ಲ. ಕಾದಂಬರಿಯ ಶಾಂತಲೆ ಬಿಟ್ಟುಕೊಡ್ತಾಳೆ, ಕಲ್ಲಿನ ಶಾಂತಲೆ ಸೊಂಡಿಲು ಎತ್ತಿ ನಿಲ್ತಾಳೆ.

ಇನ್ನೊಂದು ವಿಷಯ. ಶಿವಗಂಗೆಗೆ ಹೋದ್ರೆ 'ಶಾಂತಲೆ ಹಾರಿದ ಜಾಗ' ಅಂತ ತೋರಿಸ್ತಾರೆ. ಶ್ರವಣಬೆಳಗೊಳದ ಶಾಸನ ಅವಳು ಶಿವಗಂಗೆಯಲ್ಲಿ ಸ್ವರ್ಗಸ್ಥೆಯಾದಳು ಅನ್ನುತ್ತೆ. ಅದೇ ಶಾಸನದಲ್ಲಿ ಅವಳ ಅಮ್ಮನ ಕಥೆ ಬರುತ್ತೆ. ಮಗಳ ಸಾವು ತಡೆಯೋಕಾಗದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಡ್ತಾಳೆ. ಒಂದು ತಿಂಗಳು. ಪ್ರೇಮಕಥೆ ಅಂತ ನಾವು ಓದೋದರಲ್ಲಿ ಈ ಅಮ್ಮ ಎಷ್ಟು ಪುಟ ಇರ್ತಾಳೆ ಹೇಳಿ?

6/8
ಫೋಟೋ: ಬಳ್ಳಿಗಾವಿ, ಕೇದಾರೇಶ್ವರ ದೇವಸ್ಥಾನ. ಸಳ ಸಿಂಹದ ಜೊತೆ ಹೋರಾಡ್ತಿರೋ ಹೊಯ್ಸಳ ಲಾಂಛನ ಕಾಣುತ್ತೆ, ಝೂಮ್ ಮಾಡಿ.

ಈ ಭಾನುವಾರ ಬಳ್ಳಿಗಾವಿಗೆ ಹೋಗಿದ್ದೆ. ಶಿವಮೊಗ್ಗದಿಂದ ಶಿಕಾರಿಪುರ ದಾಟಿ ಹೋಗಬೇಕು. ನಮ್ಮ ಜಿಲ್ಲೆಯಲ್ಲೇ ಇದ್ದರೂ ಎಷ್ಟೋ ಜನ ನೋಡಿಲ್ಲ. ಶಾಂತಲೆ ಹುಟ್ಟಿದ್ದು ಇಲ್ಲೇ ಅಂತ ಊರವರ ನಂಬಿಕೆ. ಸಿ.ಕೆ. ನಾಗರಾಜರಾಯರು ಶಾಂತಲೆಯ ಮೇಲೆ ನಾಲ್ಕು ಭಾಗಗಳ ದೊಡ್ಡ ಕಾದಂಬರಿ ಬರೆದಿದ್ದಾರೆ, ಅದಕ್ಕೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಅದನ್ನ ಇನ್ನು ಶುರು ಮಾಡಬೇಕು. ಅಲ್ಲಿಯ ರಾಜ ಹೇಗಿದ್ದಾನೋ ನೋಡೋಣ, ಚಾನ್ಸ್ ಕೊಡ್ತೀನಿ.

ಬಳ್ಳಿಗಾವಿಯಿಂದ ಸ್ವಲ್ಪ ದೂರದಲ್ಲೇ ಉಡುತಡಿ. ಅಕ್ಕಮಹಾದೇವಿಯ ಊರು. ಅಲ್ಲಿ ನಿಂತಾಗ ಹೊಳೆದಿದ್ದು ಇದು: ಅಕ್ಕನ ಕಥೆಯಲ್ಲೂ ಒಬ್ಬ ರಾಜ ಇದ್ದಾನೆ, ಕೌಶಿಕ. ಹರಿಹರ ಹೇಳೋ ಕಥೆಯಲ್ಲಿ ಅಕ್ಕ ಷರತ್ತು ಹಾಕಿಯೇ ಅವನ ಮನೆಗೆ ಹೋಗ್ತಾಳೆ. ಅವನು ಷರತ್ತು ಮುರಿದಾಗ ಎದ್ದು ನಡೆದುಬಿಡ್ತಾಳೆ. ಮಾತು ಮುರಿದವನು ಅವನು, ಆದ್ದರಿಂದ ಅವಳಿಗೆ ಬೆಟ್ಟ ಹತ್ತಿ ಸಾಯೋ ಅಗತ್ಯ ಬೀಳಲಿಲ್ಲ. ಕಲ್ಯಾಣಕ್ಕೆ ದಾರಿ ಇತ್ತು, ನಡೆದಳು.

ಕೌಶಿಕನನ್ನ ನಮಗೆ ಯಾರೂ ಪ್ರೀತಿಸಿ ಅಂತ ಹೇಳಲ್ಲ ನೋಡಿ. ಅದಕ್ಕೇ ಆ ಕಥೆ ಓದುವಾಗ ನನಗೆ ಸಿಟ್ಟು ಬರಲ್ಲ. ರಾಜ ಕೆಟ್ಟವನಾಗಿದ್ರೆ ಕಥೆ ಹಾಳಾಗಲ್ಲ. ರಾಜ ಏನೂ ಮಾಡದೇ ಸುಮ್ನೆ ನಿಂತಿದ್ದಾಗ, ಎಲ್ಲರೂ ಅವನ ಸುತ್ತ ಕರಗಿಹೋಗ್ತಿದ್ದಾಗ, ಅದನ್ನ 'ಅಮರ ಪ್ರೇಮ' ಅಂದಾಗ ಹಾಳಾಗುತ್ತೆ.

ಇಷ್ಟೆಲ್ಲ ಥಿಯರಿ ತಲೆಯಲ್ಲಿ ತುಂಬಿಕೊಂಡು ಮನೆಗೆ ಬಂದೆ. ಅಜ್ಜಿಗೆ ಹೇಳೋಣ ಅಂತ. ಪುಸ್ತಕ ಅವರದ್ದು ತಾನೇ.

7/8
ಫೋಟೋ: ಅಜ್ಜಿಯ ಕೈ, ಅವರೆಕಾಯಿ ಮೊರ. (ಮುಖ ಹಾಕಬೇಡ ಅಂದಿದ್ದಾರೆ.)

ನನ್ನ ಅಜ್ಜ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ರು. ನೈಟ್ ಶಿಫ್ಟ್ ಇದ್ದಾಗ ಅಜ್ಜಿ ಒಬ್ಬರೇ ಲಾಟೀನು ಪಕ್ಕ ಕೂತು ಕಾದಂಬರಿ ಓದ್ತಿದ್ರಂತೆ. ಈ ಪುಸ್ತಕ ಆ ಕಾಲದ್ದು.

ನಾನು ಹದಿನೈದು ನಿಮಿಷ ಭಾಷಣ ಮಾಡಿದೆ. ಪಟ್ಟಿ ತೋರಿಸಿದೆ. ಮದ್ದಾನೆ ಕಥೆ ಹೇಳಿದೆ. ಅಜ್ಜಿ ಅವರೆಕಾಯಿ ಬಿಡಿಸ್ತಾ ಎಲ್ಲ ಕೇಳಿಸಿಕೊಂಡ್ರು. ಆಮೇಲೆ ಅಂದಿದ್ದು ಇಷ್ಟೇ: 'ರಾಜನ್ನ ಕಟ್ಕೊಂಡು ನಿಂಗೇನೇ ಆಗ್ಬೇಕು? ನಾನು ಅದನ್ನ ಓದಿದ್ದು ಆ ಹುಡುಗೀರಿಗೆ. ಮದುವೆಯಾಗಿ ಬಂದಮೇಲೆ ನನಗೆ ಒಬ್ಬ ಗೆಳತೀನೂ ಇರ್ಲಿಲ್ಲ. ಊರಲ್ಲೇ ಬಿಟ್ಟು ಬಂದೆ.'

ನಾನು ಸುಮ್ನಾದೆ.

ಅಜ್ಜಿ ಮತ್ತೆ ಅಂದ್ರು: 'ಅವಳಿಗೆ ಕಾಗದ ಬರೀಬೇಕು ಅಂತ ಎಷ್ಟು ದಿನ ಅನ್ಕೊಂಡೆ. ಏನಂತ ಬರೆಯೋದು ಅಂತ ಗೊತ್ತಾಗ್ದೆ ಬಿಟ್ಟೆ. ಆಮೇಲೆ ಅವಳು ಹೋಗೇಬಿಟ್ಳು.'

ಅಷ್ಟೂ ದಿನ ನಾನು ಪುಸ್ತಕದಲ್ಲಿ ಹೀರೋ ಯಾರು, ಅವನು ಲಾಯಕ್ಕಾ ಅಂತ ಅಳೀತಾ ಕೂತಿದ್ದೆ. ಅಜ್ಜಿಗೆ ಅವನು ಲೆಕ್ಕಕ್ಕೇ ಇಲ್ಲ. ಅವರ ಪಾಲಿಗೆ ಅದು ಶಾಂತಲೆ-ಲಕ್ಷ್ಮಿಯರ ಕಥೆ. ಹಾಗೆ ನೋಡಿದ್ರೆ ಕಥೆಯಲ್ಲಿ ನಿಜವಾಗಿ ಒಬ್ಬರಿಗೊಬ್ಬರು ಏನಾದ್ರೂ ಕೊಟ್ಟಿದ್ದು ಅವರಿಬ್ಬರೇ.

ಆದ್ರೆ ರಾತ್ರಿ ಮಲಗಿದಾಗ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕಷ್ಟದ್ದು. ನನ್ನ ಕಥೆಯಲ್ಲಿ ಆ ಹುಡುಗ ಇಷ್ಟ ಆಗದ ಹೀರೋ, ಸರಿ. ನಾನು? ಗೆಳತಿಗೆ ಒಂದು ಮಾತೂ ಕೇಳದೆ ಅವಳ ಬದುಕಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡಿದೆ. ಅವನು ಇಬ್ಬರಿಗೂ ಮೆಸೇಜ್ ಮಾಡ್ತಿದ್ದ ಅನ್ನೋ ವಿಷಯ ಮುಚ್ಚಿಟ್ಟೆ. ಅದನ್ನ ಹೇಳಿದ್ರೆ ನನ್ನ ತ್ಯಾಗದ ಚಂದ ಕೆಡ್ತಿತ್ತು. ಆಮೇಲೆ ಅದಕ್ಕೆ ಬೆಲೆ ಕೇಳಿದೆ, ಬಾಯಿ ಬಿಡದೆ. ತ್ಯಾಗ ಅಂತ ಹೆಸರಿಟ್ಟು ನಾನು ಮಾಡಿದ್ದು ಇದು. ರಾಜ ಸುಮ್ನೆ ನಿಂತ ಅಂತ ಬೈಯೋ ನಾನೂ ಸುಮ್ನೇ ನಿಂತಿದ್ದೆ.

8/8
ಫೋಟೋ: ಎರಡು ಚುರುಮುರಿ ಪೊಟ್ಟಣ, ಗಾಂಧಿ ಬಜಾರ್.

ಮೆಸೇಜ್ ಮಾಡಿದೆ. 'ಒಂದು ವಿಷಯ ಹೇಳಬೇಕು, ಸಿಗ್ತೀಯಾ?' ಅಷ್ಟೇ. ನೋಡಿದ್ಲು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: 'ಶನಿವಾರ. ನಾಲ್ಕು ಗಂಟೆ. ಲೇಟ್ ಬಂದ್ರೆ ಹೋಗ್ತೀನಿ.' ಅವಳೇ. ಒಂದಿಷ್ಟೂ ಬದಲಾಗಿಲ್ಲ. ನಾನು ಮೂರೂವರೆಗೇ ಹೋಗಿ ನಿಂತಿದ್ದೆ.

ಎಲ್ಲ ಹೇಳಿದೆ. ನನಗೂ ಇಷ್ಟ ಇದ್ದಿದ್ದು, ಅವನ ಮೆಸೇಜು, ಡೈರಿ, ಬಡ್ಡಿ ಲೆಕ್ಕ. ಅವಳು ಚುರುಮುರಿ ತಿನ್ನೋದು ನಿಲ್ಲಿಸಿದ್ಲು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ಲು, 'ನಾನು ಕೇಳಿದ್ನಾ?'

'ಇಲ್ಲ.'

'ಅವನು ನಿನಗೂ ಮೆಸೇಜ್ ಮಾಡ್ತಿದ್ದ ಅಂತ ಅವತ್ತೇ ಹೇಳಿದ್ರೆ ನಾನು ಅವನ ಮುಖ ನೋಡ್ತಿರ್ಲಿಲ್ಲ ಕಣೇ. ನನ್ನ ಒಂದೂವರೆ ವರ್ಷ ಉಳೀತಿತ್ತು. ನೀನೂ ಉಳೀತಿದ್ದೆ.'

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸಾರಿ ಅಂದೆ. ಅವಳು 'ಆಯ್ತು' ಅನ್ನಲಿಲ್ಲ, 'ಇಲ್ಲ' ಅಂತಲೂ ಅನ್ನಲಿಲ್ಲ. ಬಸ್ ಸ್ಟ್ಯಾಂಡ್ ತನಕ ಜೊತೆಗೆ ನಡೆದು ಬಂದ್ಲು. ಭದ್ರಾವತಿ ಬಸ್ಸು ಹತ್ತಿದಮೇಲೆ ಕಿಟಕಿ ಹತ್ರ ಬಂದು, 'ಆ ಪುಸ್ತಕ ಕೊಡು, ಓದಿ ಕೊಡ್ತೀನಿ' ಅಂದ್ಲು. ಅಜ್ಜಿಯ ಪರ್ಮಿಷನ್ ಕೇಳದೇ ಕೊಟ್ಟುಬಿಟ್ಟೆ. (ಅಜ್ಜಿ, ಇದನ್ನ ಯಾರಾದ್ರೂ ನಿಮಗೆ ಓದಿ ಹೇಳಿದ್ರೆ, ವಾಪಸ್ ಬರುತ್ತೆ.)

ಮೊದಲಿನ ಥರ ಆಗಿದ್ದೀವಾ ಅಂತ ಕೇಳಬೇಡಿ. ಆಗಿಲ್ಲ. ದಿನಕ್ಕೊಂದು ಮೆಸೇಜ್ ಬರುತ್ತೆ, ಹೆಚ್ಚಾಗಿ ಪುಸ್ತಕದ ಬಗ್ಗೆ. ನಿನ್ನೆ ರಾತ್ರಿದು: 'ಈ ರಾಜನಿಗೆ ನೀನು ಜಾಸ್ತಿ ಬೈದಿದೀಯ ಅನ್ಸುತ್ತೆ. ಇನ್ನೂ ನೂರು ಪುಟ ಇದೆ, ನೋಡ್ತೀನಿ.' ಅವಳಿಗೆ ಅವನು ಇಷ್ಟ ಆದ್ರೂ ಪರವಾಗಿಲ್ಲ. ಈ ಸಲ ಅವಳನ್ನ ಕೇಳಿಯೇ ತಿಳ್ಕೊಳ್ತೀನಿ.

ಕೂಡಲಿಗೆ ಹೋಗೋಣ ಅಂತ ಪಿಯುಸಿಯಿಂದ ಪ್ಲ್ಯಾನ್ ಇತ್ತು, ಎರಡು ನದಿ ಸೇರೋ ಜಾಗ ನೋಡೋಕೆ. ಇನ್ನೂ ಹೋಗಿಲ್ಲ. ಮಳೆ ನಿಲ್ಲಲಿ.

ನಿಮಗೂ ಹೀಗೆ ಮೊದಲು ಇಷ್ಟವಾಗಿ ಆಮೇಲೆ ಇಷ್ಟ ಆಗದ ಹೀರೋ ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಬರೀರಿ. ಏನಂತ ಬರೆಯೋದು ಅಂತ ಗೊತ್ತಾಗದೆ ಬಿಟ್ಟ ಮೆಸೇಜ್ ಇದ್ರೆ ಮಾತ್ರ ಕಾಮೆಂಟಲ್ಲಿ ಬೇಡ, ಅವರಿಗೇ ಕಳಿಸಿ.

#ಶಾಂತಲಾ #ಓದುಬರಹ #ತುಂಗಾಭದ್ರಾ #ಭದ್ರಾವತಿ_ಶಿವಮೊಗ್ಗ_ಬಸ್ಸು